ಅಳತೆಗೆ ಕೂತವನು

"ಗದ್ದ ಎತ್ರಿ," ಎಂದ ಅಜಯಕುಮಾರ.

ಮುದುಕ ಎತ್ತಿದ. ಅಜಯ ಅವನ ಕೆನ್ನೆಯ ಹತ್ತಿರ ಮೀಟರು ಹಿಡಿದು ಬೆಳಕು ಅಳೆದ.

ಹೀರೋನ ಅಪ್ಪನ ಪಾತ್ರದ ನಟ ವ್ಯಾನಿನ ತಂಪಿನಲ್ಲಿದ್ದ. ಬೆಳಕು ಹೊಂದಿಸುವ ತನಕ ಅವನ ಬದಲು ಬಿಸಿಲಲ್ಲಿ ಯಾರಾದರೂ ಕೂರಬೇಕು, ಆಮೇಲೆ ಎದ್ದು ಹೋಗಬೇಕು. ಸಿನಿಮಾದ ರಿವಾಜೇ ಹಾಗೆ. ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ಇವತ್ತು ಹಾಗೆ ಕೂತವನು ಭೀಮಶ್ಯಾ, ಕ್ಯಾಮೆರಾಮನ್ ಅಜಯಕುಮಾರನ ಸ್ವಂತ ಅಪ್ಪ.

ಯೂನಿಟ್ಟಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ತಾನು ಪುಣೆಯಲ್ಲಿ ಬೆಳೆದವನೆಂದು ಅಜಯ ಎಂದೋ ಹೇಳಿಬಿಟ್ಟಿದ್ದ. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ಅದನ್ನೆಲ್ಲ ಬಿಡಿಸಿಕೊಳ್ಳುವ ತ್ರಾಣ ಈಗ ಉಳಿದಿರಲಿಲ್ಲ.

"ನಾ ಯಾವಾಗ ಮಾತಾಡ್ಬೇಕು ತಮ್ಮಾ..." ಭೀಮಶ್ಯಾ ನಾಲಗೆ ಕಚ್ಚಿಕೊಂಡ. "ಸಾಹೇಬ್ರ?"

"ಸುಮ್ಮ ಕುಂದ್ರಿ."

ತಾನೂ ಪರದೆಯ ಮೇಲೆ ಬರುತ್ತೇನೆಂದು ಅಪ್ಪ ನಂಬಿದ್ದ. ಅಲ್ಲವೆಂದು ಹೇಳುವುದನ್ನು ಅಜಯ ಬೆಳಗಿನಿಂದ ಮುಂದೂಡುತ್ತಲೇ ಇದ್ದ.

ಅಷ್ಟರಲ್ಲಿ ನಟ ಇಳಿದು ಬಂದ. ಮೇಕಪ್ಪಿನ ಸುಮಂಗಲಾ ಬೆಳಿಗ್ಗೆಯೇ ಭೀಮಶ್ಯಾನ ಕೆನ್ನೆಗೆ ಬಣ್ಣದ ಮೀಟರು ಒತ್ತಿ, ಬಂದ ಅಂಕಿಗೆ ಸರಿಯಾಗಿ ಬಣ್ಣ ಕಲಸಿ ನಟನಿಗೆ ಬಳಿದಿದ್ದಳು; ಬೆಳಕು ಅಳೆದ ಮುಖಕ್ಕೂ ಅವನ ಮುಖಕ್ಕೂ ಒಂದೇ ಬಣ್ಣವಿರಬೇಕಲ್ಲ. ಮಾನಿಟರಿನಲ್ಲಿ ಅವನು ಬೂದಿ ಬಡಿದುಕೊಂಡವನಂತೆ ಕಂಡ.

"ಏನ್ರೀ ಇದು, ಹೆಣದ ಬಣ್ಣ?" ಎಂದ ಡೈರೆಕ್ಟರು.

ಸುಮಂಗಲಾ ಹೋಗಿ ಭೀಮಶ್ಯಾನ ಕೆನ್ನೆ ಸವರಿದಳು. ಬೆರಳೆಲ್ಲ ಪೌಡರು.

"ಸಿನಿಮಾ ಅಂದ್ರ ಚಂದ ಕಾಣ್ಬೇಕಲ್ರಿ," ಎಂದ ಭೀಮಶ್ಯಾ, ನಾಚಿಕೊಂಡು.

ಎಲ್ಲರೂ ನಕ್ಕರು. ಅಜಯನೂ ನಕ್ಕ. ನಂತರ ತಾನೇ ಬಟ್ಟೆ ಒದ್ದೆ ಮಾಡಿ ಅಪ್ಪನ ಮುಖ ಒರೆಸಿದ. ಆ ಮುಖ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಅಪ್ಪ ಕಣ್ಣು ಮುಚ್ಚಿ ಕೂಸಿನಂತೆ ಮುಖ ಒಡ್ಡಿದ. ಅಜಯನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಈಗಲೇ ಎಲ್ಲರ ಮುಂದೆ ಹೇಳಿಬಿಡಬೇಕು ಅನಿಸಿತು.

"ಈಗ ನನ್ ಪಾಳಿ ಏನ್ರಿ?"

ಸುಮಂಗಲಾ ಮತ್ತೆ ಮೀಟರು ಒತ್ತಿ ಅಂಕಿ ಗುರುತು ಮಾಡಿಕೊಂಡಳು.

"ಏಳ್ರಿ," ಎಂದ ಅಜಯ. "ಆ ಗಿಡದ ಕೆಳಗ ಹೋಗಿ ಕುಂದ್ರಿ."

ನಟ ಅಪ್ಪನ ಬಣ್ಣ ಹಚ್ಚಿಕೊಂಡು ಅಪ್ಪನ ಜಾಗದಲ್ಲಿ ಕೂತ. ಈ ಸಲ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಅವನು ಕ್ಯಾಮೆರಾದತ್ತ ಕತ್ತೆತ್ತಿದ.

"ಮಗಾ, ಬಂದ್ಯಾ?"

"ಹೂಂ, ಯಪ್ಪಾ."

ಮಾತು ಅಜಯನ ಬಾಯಿಂದಲೇ ಜಾರಿತ್ತು.

"ಕಟ್! ಯಾರದು ಮಧ್ಯೆ ಮಾತಾಡಿದ್ದು?"

ಅಜಯ ಗಿಡದ ಕಡೆ ನೋಡಿದ. ಉಳಿದವರೂ ಅತ್ತಲೇ ತಿರುಗಿದರು. ಭೀಮಶ್ಯಾ ಎದ್ದು ನಿಂತು ಕೈಮುಗಿದ.

"ತಪ್ಪಾಯ್ತ್ರಿ. ನಾನೇ ಅಂದೀನ್ರಿ."

ಬಿಸಿಲನ್ನು ನಟನ ಮುಖಕ್ಕೆ ತಿರುಗಿಸುವ ರಿಫ್ಲೆಕ್ಟರು ಹಿಡಿದಿದ್ದ ಬೀರೇಶನೂ ಹೊರಳಿದ್ದ. ಗಿಡದ ನೆರಳಲ್ಲಿ ಭೀಮಶ್ಯಾನ ತೊಳೆದ ಮುಖ ಒಮ್ಮೆಲೇ ಬೆಳಗಿತು. ಇಡೀ ದಿನ ಇಷ್ಟು ಒಳ್ಳೆಯ ಬೆಳಕು ಸಿಕ್ಕಿರಲಿಲ್ಲ.

"ಈ ಕಡೆ ಹಿಡಿಯಯ್ಯಾ," ಎಂದ ಅಜಯ.

ಬೆಳಕು ಭೀಮಶ್ಯಾನ ಮುಗಿದ ಕೈಗಳನ್ನು ದಾಟಿ, ಖಣಿಯ ಕಲ್ಲಿನ ಮೇಲೆ ಹರಿದು, ನಟನ ಮುಖಕ್ಕೆ ಬಂದು ನಿಂತಿತು.