ಷಡ್ಡಕನ ಪೆಡಲ್

ಕನ್ನಡಕದಂಗಡಿಯವನಿಗೆ ತನ್ನ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಮದುವೆಯ ವಿಷಯಕ್ಕೂ ಅಲ್ಲ, ಮನೆಯ ವಿಷಯಕ್ಕೂ ಅಲ್ಲ. ಅಂಗೈಯಗಲದ ಒಂದು ತಗಡಿನ ಡಬ್ಬಿಯ ವಿಷಯಕ್ಕೆ.

ಇಬ್ಬರೂ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದರು. ಮೊದಲು ಕಲಿತವನು ಇವನೇ. ಷಡ್ಡಕನಿಗೆ ತಂತಿ ಬಿಗಿಯುವುದನ್ನು ಹೇಳಿಕೊಟ್ಟವನೂ ಇವನೇ. ಮಾವನವರ ನಿವೃತ್ತಿಯ ಸಂಜೆ ಅವರ ಆಫೀಸಿನ ಹಾಲ್‌ನಲ್ಲಿ ಅಳಿಯಂದಿರು ಗಿಟಾರ್ ನುಡಿಸಬೇಕು, ದೊಡ್ಡ ಮಗಳು, ಅಂದರೆ ಇವನ ಹೆಂಡತಿ, ಹಾಡಬೇಕು ಎಂದು ತೀರ್ಮಾನವಾಯಿತು. ಹಾಡಿನ ನಡುವೆ ಒಬ್ಬನೇ ಗಿಟಾರ್ ನುಡಿಸುವ ಒಂದೇ ಒಂದು ಸೋಲೋ. ಅದು ತನ್ನದೇ ಎಂದು ಇವನು ಬೆರಳು ಹುರಿಗೊಳಿಸುತ್ತಿರುವಾಗ ಷಡ್ಡಕ ಆ ಡಬ್ಬಿ ತಂದ, ಗಿಟಾರಿನ ವೈರಿಗೆ ಜೋಡಿಸುವ ಪೆಡಲ್. ಕಾಲಲ್ಲಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ನುಡಿಸಿದ ಸ್ವರ ಒಂದು ಗಳಿಗೆ ಬಿಟ್ಟು ಮತ್ತೆ ಮತ್ತೆ ಮರುದನಿಸುತ್ತಿತ್ತು. ಇವನ ಹೆಂಡತಿ ಹಾಡುವುದನ್ನೇ ನಿಲ್ಲಿಸಿ, "ಇನ್ನೊಂದ್ಸಲ ಬಾರಿಸಿ," ಅಂದಳು.

ಕಟ್ಟಿಕೊಂಡ ಗಂಡನಿಗೆ ಆ ಮಾತನ್ನು ಅವಳು ಒಂದು ದಿನವೂ ಹೇಳಿದವಳಲ್ಲ. ಅವನಿಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನವೇ ಅಂಗಡಿಯ ಬಾಗಿಲೆಳೆದು ವಾದ್ಯದಂಗಡಿಗೆ ಹೋಗಿ ಪೆಡಲ್ ಕೇಳಿದ. ಅಂಗಡಿಯಾಕೆ ಕೇಳಿದಳು, "ಎಂಥಾ ಪೆಡಲ್ ಬೇಕು? ನೀವು ಏನು ಬಾರಿಸ್ತೀರಿ?"

"ನನ್ನ ಷಡ್ಡಕ ಒಂದು ತಗೊಂಡಿದ್ದಾನೆ. ಅದಕ್ಕಿಂತ ಒಂದು ಕೈ ಮೇಲಿರ್ಬೇಕು."

"ಅದು ಅವರದಾಯ್ತು. ನಿಮಗೇನು ಬೇಕು?"

ಇದೇ ಪ್ರಶ್ನೆಯನ್ನು ಅವನು ದಿನವೂ ಗಿರಾಕಿಗಳಿಗೆ ಕೇಳುತ್ತಿದ್ದ. ಪಕ್ಕದ ಮನೆಯವರದ್ದೇ ಥರದ ಕನ್ನಡಕ ಬೇಕೆಂದು ಬಂದವರಿಗೆ, ಅವರ ಕನ್ನಡಕ ಹಾಕಿಕೊಂಡರೆ ಅವರ ಕಣ್ಣು ಬರುವುದಿಲ್ಲ ಎಂದು ಬುದ್ಧಿ ಹೇಳುತ್ತಿದ್ದ. ಈಗ ಅದು ನೆನಪಿಗೂ ಬರಲಿಲ್ಲ. ಅಂಗಡಿಯಾಕೆ ಒಂದೊಂದನ್ನೇ ಜೋಡಿಸಿಕೊಟ್ಟಳು. ದನಿ ಒಡೆದು ಗೊರಗೊರ ಅನ್ನುವ ಪೆಡಲ್ ಅವನಿಗೆ ನಿಜವಾಗಿ ಹಿಡಿಸಿತು. ಆದರೆ ಷಡ್ಡಕನದು ಅದಲ್ಲವಲ್ಲ, ಬೇಡವೆಂದ. ಮರುದನಿಯದನ್ನು ಒತ್ತಿದಾಗ ಅವನ ತಾಳದ ಎಡವಟ್ಟೆಲ್ಲ ಎರಡೆರಡು ಸಲ ಕೇಳಿಸಿತು. ಅಂಗಡಿಯಾಕೆ ನಗಲಿಲ್ಲ, ಆದರೆ ನಗದೇ ಇರಲು ಪಟ್ಟ ಪಾಡು ಮುಖದಲ್ಲಿ ಕಂಡಿತು.

"ಯೋಚನೆ ಮಾಡಿ ಬನ್ನಿ," ಎನ್ನುತ್ತ ಆಕೆ ಪೆಡಲ್‌ನಿಂದ ವೈರ್ ಕಿತ್ತಳು. "ಇದನ್ನ ಹಾಗೇ ಬಿಡಬಾರದು. ದೀಪ ಆರಿಸಿದ್ರೂ ಅಷ್ಟೇ. ವೈರ್ ಚುಚ್ಚಿದ್ದಷ್ಟು ಹೊತ್ತೂ ಒಳಗೆ ಸೆಲ್ ಇಳೀತಾನೇ ಇರುತ್ತೆ."

ಅವನು ಬರಿಗೈಯಲ್ಲಿ ಬಂದ, ಆದರೆ ತಲೆ ಬರಿದಾಗಿರಲಿಲ್ಲ.

ಕೊನೆಯ ಅಭ್ಯಾಸ ಮಾವನ ಮನೆಯ ಮುಂದಿನ ಕೋಣೆಯಲ್ಲಿ ನಡೆಯಿತು. ಹೆಂಡತಿ ಸುತ್ತುಬಳಸದೆ, "ಸೋಲೋ ಅವರೇ ಬಾರಿಸ್ಲಿ, ಚೆನ್ನಾಗಿ ಒಪ್ಪುತ್ತೆ," ಅಂದಳು. ಷಡ್ಡಕ ಅಚ್ಚುಕಟ್ಟಿನ ಮನುಷ್ಯ. ವೈರ್ ಕಿತ್ತು, ಸುತ್ತಿ, ಕಾರ್ಯಕ್ರಮದ ದಿನ ಇಲ್ಲಿಂದಲೇ ಒಯ್ದರಾಯಿತೆಂದು ಪೆಡಲನ್ನು ಕಿಟಕಿಯ ಹತ್ತಿರ ಇಟ್ಟ. ಎಲ್ಲರೂ ಅಡುಗೆಮನೆಯ ಕಡೆ ಹೋದಾಗ ಕನ್ನಡಕದಂಗಡಿಯವನು ಹಿಂದೆ ಉಳಿದ. ವೈರ್ ತುದಿಯನ್ನು ಪೆಡಲ್‌ಗೆ ಮತ್ತೆ ಚುಚ್ಚಿ, ಮೇಲೆ ಒಂದು ಟವೆಲ್ ಮುಚ್ಚಿದ. ಹಾಲು ಕುಡಿದಷ್ಟು ಸಂತೋಷವಾಯಿತು. ಡಬ್ಬಿ ಕೈಕೊಟ್ಟರೆ ಷಡ್ಡಕ ತಬ್ಬಿಬ್ಬಾಗುತ್ತಾನೆ, ಆಗ ಸೋಲೋ ತಾನೇ ಎತ್ತಿಕೊಳ್ಳುವುದು. ಮನೆಗೆ ಬಂದು ಅದೇ ಸೋಲೋವನ್ನು ಬೆರಳಿಗೆ ಬೊಬ್ಬೆ ಬರುವಷ್ಟು ನುಡಿಸಿದ.

ನಿವೃತ್ತಿಯ ಸಂಜೆ ಹಾಡು ಅರ್ಧಕ್ಕೆ ಬಂತು. ಷಡ್ಡಕ ಪೆಡಲ್ ಒತ್ತಿದ. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಇವನ ಬೆರಳು ತಂತಿಯ ಮೇಲೆ ಸಿದ್ಧವಾಗಿ ಕಾಯುತ್ತಿತ್ತು. ಷಡ್ಡಕ ಒಮ್ಮೆ ಕೆಳಗೆ ನೋಡಿ, ಕಾಲು ತೆಗೆದು, ಬರಿ ಗಿಟಾರನ್ನೇ ನುಡಿಸಿದ. ಮರುದನಿ ತುಂಬಬೇಕಿದ್ದ ಜಾಗವನ್ನು ಖಾಲಿಯಾಗಿಯೇ ಬಿಟ್ಟ. ಒಂದೊಂದು ಸ್ವರವನ್ನೂ ಕೊನೆಯವರೆಗೆ ಬಿಡದೆ ಹಿಡಿದ. ಹಾಲ್‌ನಲ್ಲಿ ಕುರ್ಚಿ ಸರಿದ ಸದ್ದೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಮಾವನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಕನ್ನಡಕ ಮಾಡಿಕೊಟ್ಟವನು ಇವನು. ಹೆಂಡತಿ ಮೈಕಿನ ಮುಂದೆ ನಿಂತವಳು ತಿರುಗಿ ಷಡ್ಡಕನ ಕೈಯನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ಷಡ್ಡಕ ಪೆಡಲ್ ಹಿಡಿದುಕೊಂಡು ಬಂದ. "ವೈರ್ ಕಿತ್ತಿದ್ದೆ ಅಂತ್ಲೇ ಜ್ಞಾಪಕ ಭಾವ. ಇವತ್ತು ಒಯ್ಯೋಕೆ ಹೋದ್ರೆ ಚುಚ್ಚೇ ಇತ್ತು, ಸೆಲ್ ನೋಡೋದೂ ಹೊಳೀಲಿಲ್ಲ. ನನ್ನ ಮರೆವಿಗಿಷ್ಟು. ಇದು ನಿಮಗಿರ್ಲಿ, ನೀವೂ ಒಂದು ಹುಡುಕ್ತಿದ್ರಂತೆ. ನನಗಿನ್ನು ಇದು ಬೇಡ ಅನ್ಸುತ್ತೆ."

ಹಗಲೂ ರಾತ್ರಿ ಆಸೆಪಟ್ಟ ಡಬ್ಬಿ ತಾನಾಗಿ ಕೈಗೆ ಬಂತು. ಮುಖ ಹುಳ್ಳಗೆ ಮಾಡಿಕೊಂಡು ತೆಗೆದುಕೊಂಡ.

ಬೆಳಿಗ್ಗೆ ಹೊಸ ಸೆಲ್ ಹಾಕಿ ಸೋಲೋ ನುಡಿಸಿದ. ಮರುದನಿ ಚೆನ್ನಾಗಿಯೇ ಬಂತು. ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. ಅಂಗಡಿ ತೆರೆಯುವ ಹೊತ್ತಾಯಿತೆಂದು ಅವನು ವೈರ್ ಕಿತ್ತು ಪಕ್ಕಕ್ಕಿಟ್ಟ. ಆಗ ಅವಳು ತಲೆಯೆತ್ತಿದಳು.

"ವೈರ್ ಯಾಕೆ ಕಿತ್ರಿ?"

"ಬಿಟ್ರೆ ಸೆಲ್ ಇಳೀತದೆ."

"ಯಾರು ಹೇಳಿದ್ರು?"

"ಅಂಗಡಿಯಾಕೆ. ಅವತ್ತು ನೋಡೋಕೆ ಹೋಗಿದ್ನಲ್ಲ."

ಅವಳ ಕೈಯಲ್ಲಿದ್ದ ಅಂಗಿ ಅರ್ಧ ಮಡಚಿದ ಹಾಗೆಯೇ ಉಳಿಯಿತು. "ಅಭ್ಯಾಸದ ದಿನ ಅವರು ಕಿತ್ತು ಸುತ್ತಿಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಎಲ್ಲರೂ ಒಳಗೆ ಬಂದಾಗ ನೀವೊಬ್ರೇ ಬಂದಿರ್ಲಿಲ್ಲ."

ಅವನು ನಾಚಿಕೆಯಿಂದ ಕುಗ್ಗಿಹೋದ.

"ಪಾಪ, ತನಗೆ ಮರೆವು ಹಿಡೀತು ಅಂತ ನಿನ್ನೆ ಹೊರಡೋವರೆಗೂ ಕೊರಗ್ತಿದ್ರು," ಅಂದಳು ಅವಳು. "ಹೋಗಿ ಡಬ್ಬಿ ವಾಪಸ್ ಕೊಟ್ಟು ಬನ್ನಿ. 'ವೈರ್ ನೀವು ಕಿತ್ತಿದ್ರಿ, ನಾನೇ ಚುಚ್ಚಿದ್ದು' ಅಂತ ಅವರಿಗೆ ಹೇಳಿ ಬನ್ನಿ."

ಅವನು ಡಬ್ಬಿ ಎತ್ತಿಕೊಂಡ, ಚಪ್ಪಲಿ ಮೆಟ್ಟಿದ, ಮೆಟ್ಟಿಲಿಳಿದ. ತಪ್ಪು ಒಪ್ಪಿಕೊಳ್ಳಲೇಬೇಕು, ಒಪ್ಪಿಕೊಳ್ಳುತ್ತಾನೆ. ಆದರೆ ದಾರಿಯುದ್ದಕ್ಕೂ ಅವನನ್ನು ಸುಟ್ಟದ್ದು ಮಾಡಿದ ತಪ್ಪಲ್ಲ. ಷಡ್ಡಕ ಕೊರಗಿದ್ದು ಅವಳಿಗೆ ಕಂಡಿತ್ತಲ್ಲ ಎಂಬುದು.