ಆಳಿಲ್ಲದ ನೆರಳು

"ನನ್ನನ್ನ ಕಳ್ಳ ಅಂದಂಗಾಯ್ತಲ್ಲ ಇದು!" ಮೇಷ್ಟ್ರು ಫೋನಿನ ಮೇಲೆ ಉಗುಳು ಹಾರುವಂತೆ ಕೂಗಿದರು.

ಆ ಕಡೆ ಇದ್ದ ಛಾಯಾಚಿತ್ರ ಸ್ಪರ್ಧೆಯ ಕಾರ್ಯದರ್ಶಿಗೆ ಬಿಸಿ ತಟ್ಟಲಿಲ್ಲ. "ಹಾಗಂದಿಲ್ಲ ಸಾರ್. ನಿಮ್ಮ ಚಿತ್ರದ ಬಲಗಡೆ ಯಾರೋ ನಿಂತ ಹಾಗೆ ಒಂದು ನೆರಳಿದೆ. ಆ ನೆರಳಿಗೆ ಆಳಿಲ್ಲ. ಸಂಜೆ ಐದು ಗಂಟೆಯೊಳಗೆ ಕ್ಯಾಮೆರಾದ ಮೂಲ ಫೈಲ್ ಕಳಿಸಿಬಿಡಿ, ಮೊದಲ ಬಹುಮಾನ ನಿಮ್ಮದೇ."

"ಕಳಿಸದಿದ್ರೆ?"

"ನೋಡೋಣ ಸಾರ್." ಫೋನ್ ಇಟ್ಟೇಬಿಟ್ಟ.

ಆಳಿಲ್ಲವಂತೆ! ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಬೆಳಕಿನ ಪಾಠ ಹೇಳಿದವರಿಗೆ ಇವರು ನೆರಳಿನ ಪಾಠ ಹೇಳಬೇಕೆ? ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ಮುಚ್ಚಿಹೋದ ಸ್ಟೇಷನ್ನಿನ ಬೆಳಗಿನ ಪ್ಲಾಟ್‌ಫಾರ್ಮು, ಹಿಂದೆ ಇಟ್ಟಿಗೆ ಗೋಡೆ. ಮೂರು ಸಲ ಲೆನ್ಸ್ ಬದಲಿಸಿ, ಕೊನೆಗೆ ಉದ್ದನೆಯದನ್ನು ಹಾಕಿ ತೆಗೆದ ಚಿತ್ರ. ಅದಕ್ಕೆ 'ಯಾರೂ ಇಲ್ಲ' ಎಂದು ಹೆಸರಿಟ್ಟಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಒಂಚೂರು ಕಪ್ಪು ಏರಿಸಿದ್ದು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ತಾಯಾಣೆಗೂ ಮುಟ್ಟಿರಲಿಲ್ಲ.

"ಕಂಬದ ನೆರಳು ಕಣೇ ಅದು! ಕುರುಡು ಮುಂಡೇವು!"

ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ಎದ್ದು ಬಂದಳು. "ಏನಂತೆ?"

"ಹೊಟ್ಟೆಕಿಚ್ಚು. ಇನ್ನೇನು? ತಾಳು, ಇವರ ಮುಖಕ್ಕೆ ಹೊಡೆದ ಹಾಗೆ ಕಳಿಸ್ತೀನಿ."

ಹಳೆಯ ಡಿಸ್ಕ್ ಹುಡುಕಿ ಕಂಪ್ಯೂಟರಿಗೆ ಚುಚ್ಚಿದರು. ಮೂಲ ಫೈಲ್ ತೆರೆದುಕೊಂಡಿತು. ಪ್ಲಾಟ್‌ಫಾರ್ಮು ಇತ್ತು, ಗೋಡೆ ಇತ್ತು. ಬಲಗಡೆ ನೀಲಿ ಸ್ವೆಟರಿನ ಒಬ್ಬ ಹೆಂಗಸು, ಕೈಯಲ್ಲಿ ಬಿಳಿ ಹಾಳೆ ಇಳಿಬಿಟ್ಟುಕೊಂಡು ನಿಂತಿದ್ದಳು.

"ಇದು ನಾನಲ್ವಾ?" ಎಂದಳು ಹೆಂಡತಿ.

ಮೇಷ್ಟ್ರು ಬಗ್ಗಿ ನೋಡಿದರು. ಅವಳೇ. ಆದರೆ ಸಿಟ್ಟಿಗೆ ಹೋಗಲು ಜಾಗ ಬೇಕಲ್ಲ. "ಮಧ್ಯೆ ಬಂದು ಯಾಕೆ ನಿಂತೆ ನೀನು?"

"ನೀವೇ ನಿಲ್ಲಿಸಿದ್ರಿ. ಬಣ್ಣ ಸರಿಮಾಡ್ಕೋಬೇಕು, ಬಿಳಿ ಹಾಳೆ ಹಿಡ್ಕೋ ಅಂದ್ರಿ. ಆಮೇಲೆ ಹಾಳೆ ಇಳಿಸು ಅಂದ್ರಿ."

"ಸರಿದು ನಿಲ್ಲೋಕೇನಾಗಿತ್ತು?"

"ನನ್ನ ಫೋಟೋ ತೆಗೀತಿದೀರಿ ಅಂದ್ಕೊಂಡೆ."

ಮೋಡ ಬಂದು ಬೆಳಕು ಹೋಗುತ್ತಿದ್ದದ್ದು ಮೇಷ್ಟ್ರಿಗೆ ನೆನಪಾಯಿತು. ಅವಸರದಲ್ಲಿ ಒತ್ತಿದ್ದು ನೆನಪಾಯಿತು. ಇವಳನ್ನು ಅಳಿಸಿದ್ದು ಮಾತ್ರ ನೆನಪಿಗೆ ಬರಲೊಲ್ಲದು. ಮೌಸಿನ ಎರಡು ಎಳೆತದ ಕೆಲಸ. ಅವಳಿದ್ದ ಕಡೆ ಇಟ್ಟಿಗೆ ತುಂಬಿ ಮರೆತೇಬಿಟ್ಟಿದ್ದರು. ಥೂ, ಎಂಥ ಮನುಷ್ಯ ನಾನು ಅನ್ನಿಸಿತು. ಅವಳಾದರೂ ನಾಲ್ಕು ಮಾತು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ ಎಂಬುದಕ್ಕೇ ಮೈ ಉರಿಯಿತು.

"ಇದನ್ನ ಕಳಿಸಿದ್ರೆ ನನ್ನ ಮಾನ ಮೂರು ಕಾಸಿಗೆ ಹರಾಜು. ಗೊತ್ತಾ?"

"ಮುಂದಿನ ಸಲ ನೆರಳನ್ನೂ ಒರೆಸಿಬಿಡಿ. ಯಾರೂ ಕೇಳಲ್ಲ."

ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಐದಾಗುತ್ತ ಬಂದಿತ್ತು. ಫೋನು ಹೊಡೆದುಕೊಳ್ಳತೊಡಗಿತು. ಮೇಷ್ಟ್ರು ಎತ್ತಲಿಲ್ಲ. ಅವತ್ತು ಅವಳು ನಕ್ಕಿದ್ದಳೇ? ಅದೊಂದನ್ನು ನೋಡಲೇಬೇಕಿತ್ತು. ಮುಖವನ್ನು ದೊಡ್ಡದು ಮಾಡಿದರು. ಹಿಂದಿನ ಗೋಡೆಯ ಒಂದೊಂದು ಬಿರುಕೂ ಎಣಿಸುವಷ್ಟು ನಿಚ್ಚಳ. ಲೆನ್ಸ್ ಗುರಿಯಿಟ್ಟಿದ್ದು ಗೋಡೆಗೆ; ಮುಖ ಮಾತ್ರ ಮಸುಕು. ಇನ್ನಷ್ಟು ದೊಡ್ಡದು ಮಾಡಿದರು. ಇನ್ನಷ್ಟು. ಪರದೆಯ ತುಂಬ ಬೂದು, ಕಂದು ಚೌಕಗಳು ಎದ್ದವು. ಯಾವ ಚೌಕ ಅವಳ ತುಟಿ, ಯಾವುದು ಇಟ್ಟಿಗೆ ಎಂದು ಮೇಷ್ಟ್ರು ಬೆರಳಿಟ್ಟು ಹುಡುಕುತ್ತಲೇ ಇದ್ದರು.