ಸ್ಟೀರಿಂಗ್ ಪಕ್ಕದ ಗೇರು

ಪಿಕಪ್ಪು ಅರ್ಧ ಒಳಗೆ, ಅರ್ಧ ಹೊರಗೆ, ಗೇಟಿನ ಬಾಯಲ್ಲೇ ನಿಂತುಬಿಟ್ಟಿತು. ಅವಳು ಸ್ಟೀರಿಂಗ್ ಪಕ್ಕದ ಗೇರಿನ ಹಿಡಿಯನ್ನು ಮೇಲೆಳೆದಳು, ಕೆಳಗೆ ತಳ್ಳಿದಳು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ.

ಹಿಂದೆ ಹಗ್ಗ ಬಿಗಿದ ಬೇಕರಿ ಕೌಂಟರು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಇಷ್ಟು ವರ್ಷ ಅಪ್ಪನ ಬಡಗಿ ಅಂಗಡಿಯಲ್ಲಿ ಅಪ್ಪನ ಹೆಸರಿಗೇ ದುಡಿದವಳಿಗೆ ಇದು ಸ್ವಂತದ ಮೊದಲ ಆರ್ಡರು. ಮಧ್ಯಾಹ್ನದೊಳಗೆ ಬರದಿದ್ದರೆ ರೆಡಿಮೇಡ್ ತರಿಸಿಕೊಳ್ಳುತ್ತೇನೆ ಎಂದು ಬೇಕರಿಯವನು ಖಡಾಖಂಡಿತವಾಗಿ ಹೇಳಿದ್ದ.

ಈ ಮುದಿ ಗಾಡಿಯ ಗೇರಿಗೆ ಒಂದು ಹಟ. ಒಂದರಿಂದ ಎರಡಕ್ಕೆ ಹಾಕುವಾಗ ಕೈ ನಡುವೆ ಒಂದು ಗಳಿಗೆ ನಿಲ್ಲಬೇಕು. ದರದರ ಎಳೆದರೆ ಬಾನೆಟ್ಟಿನೊಳಗಿನ ಎರಡು ಕಬ್ಬಿಣದ ತೋಳುಗಳು ತೊಡರಿಕೊಂಡು ಕೂರುತ್ತವೆ. "ನಡುವೆ ಒಂದು ಉಸಿರು ಬಿಡು, ಆಮೇಲೆ ಎಳಿ" ಎಂದು ಕಲಿಸಿದವನು ಅಪ್ಪ. ಅವಳು ಉಸಿರು ಬಿಟ್ಟೇ ಎಳೆದಿದ್ದಳು. ಅಂದಮೇಲೆ ಇದು ನಿನ್ನೆ ಗಾಡಿ ಒಯ್ದ ತಮ್ಮನದೇ ಕಿತಾಪತಿ.

ಫೋನಿನಲ್ಲೇ ಅವನ ಜನ್ಮ ಜಾಲಾಡಿದಳು. "ಏನೋ ಮಾಡಿದೆ ಗಾಡಿಗೆ? ಗುದ್ದಾಡಿದ್ಯಾ ಅದರ ಜೊತೆ?"

"ಅಕ್ಕಾ, ನಿನ್ನಾಣೆಗೂ ಇಲ್ಲ. ಸಂಜೆ ತಂದು ನಿಲ್ಲಿಸಿದಾಗ ಬೆಣ್ಣೆ ಥರ ಇತ್ತು."

"ಬೆಣ್ಣೆಯಂತೆ! ನಿನ್ನ ತಲೆ!" ಎಂದು ಫೋನಿಟ್ಟಳು.

ಅಪ್ಪ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಇನ್ನು ಗಾಡಿ ಓಡಿಸಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಅವನ ಕೈಯಿಂದ ಕೀಲಿ ತೆಗೆದುಕೊಂಡವಳು ಇವಳೇ. "ಏನಮ್ಮಾ, ಕೈ ಕೊಡ್ತಾ?" ಎಂದು ಕೇಳಿದ. ಅವಳು ಗಾಡಿಯ ಮುಂದಕ್ಕೆ ಹೋದಳು.

ಬಾನೆಟ್ಟು ಎತ್ತಿ, ಸ್ಕ್ರೂಡ್ರೈವರ್ ತೂರಿಸಿ, ಎರಡೂ ತೋಳುಗಳನ್ನು ಒಂದೇ ಸಾಲಿಗೆ ತಂದಳು. ಟಕ್ಕೆಂದು ಬಿಟ್ಟಿತು. ಒಳಗೆ ಕೂತು ಗೇರು ಹಾಕಿದಳು, ಮತ್ತೆ ಕಚ್ಚಿಕೊಂಡಿತು. ಮೊಣಕೈಗೆ ಗ್ರೀಸು ಮೆತ್ತಿತು, ಹೆಬ್ಬೆರಳು ತರಚಿತು. ಈ ಸಲ ಬಗ್ಗಿ ಕಣ್ಣಿಟ್ಟು ನೋಡಿದಳು. ತೋಳಿಗೆ ಸಿಕ್ಕಿಸಿದ ಸರಳಿನ ತುದಿ ಲೊಡಲೊಡ ಅಲ್ಲಾಡುತ್ತಿತ್ತು. ಅದನ್ನು ಹಿಡಿದಿಡುವ ಉಗುರಿನಷ್ಟು ಪುಟ್ಟ ಬಳೆ, ಬುಷ್, ಅಲ್ಲಿರಲೇ ಇಲ್ಲ.

ಸವೆದು ಬಿದ್ದಿದ್ದರೆ ಅದರ ಮೇಲೆ ಸಿಕ್ಕಿಸುವ ಕ್ಲಿಪ್ಪೂ ಜೊತೆಗೇ ಬಿದ್ದುಹೋಗಬೇಕಿತ್ತು. ಕ್ಲಿಪ್ಪು ಮಾತ್ರ ಒರೆಸಿದಂತೆ, ಬಾಯಿ ಕೆಳಗಾಗಿ, ನೀಟಾಗಿ ಕೂತಿತ್ತು. ಅಂಥ ಒಂದು ಕ್ಲಿಪ್ಪು ಇದೆಯೆಂಬುದೇ ತಮ್ಮನಿಗೆ ಗೊತ್ತಿಲ್ಲ. 'ಬಾಯಿ ಕೆಳಗಿರ್ಲಿ, ಇಲ್ಲಾಂದ್ರೆ ಧೂಳು ತುಂಬುತ್ತೆ' ಎಂದು ಅವಳ ತಲೆ ತಿಂದವನು ಜಗತ್ತಿಗೆಲ್ಲ ಒಬ್ಬನೇ.

ಅವಳಿಗೆ ಸಿಟ್ಟು ನೆತ್ತಿಗೇರಿತು. ನೇರ ಹೋಗಿ ಮೆಟ್ಟಿಲ ಮುಂದೆ ಕೈ ಚಾಚಿದಳು.

"ಕೊಡು."

"ಏನನ್ನ?"

"ಅಪ್ಪಾ, ನನ್ನ ಬಾಯಿ ಬಿಡಿಸಬೇಡ. ಕೊಡು."

ಅಪ್ಪ ಜೇಬಿನಿಂದ ಕರ್ಚೀಫು ತೆಗೆದು ಬಿಡಿಸಿದ. ತೊಳೆದು, ಗ್ರೀಸು ಹಚ್ಚಿಟ್ಟ ಬುಷ್. "ನೀನು ಕರೀತೀಯ ಅಂದ್ಕೊಂಡೆ. ಅಪ್ಪಾ ಬಾ, ನೋಡು ಅಂದಿದ್ರೆ ಎರಡು ನಿಮಿಷದ ಕೆಲಸ. ಹಾಗೇ ನಾನೂ ಜೊತೇಲಿ ಬರ್ತಿದ್ದೆ."

ಆಗಲೇ ಅವಳು ಗಮನಿಸಿದ್ದು: ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶೂ ಕಟ್ಟಿಕೊಂಡು ಕೂತಿದ್ದ.

"ನನ್ನ ಮೊದಲ ಕೆಲಸ ಮಣ್ಣುಪಾಲಾದ್ರೂ ಚಿಂತೆ ಇಲ್ಲ. ನಿನ್ನ ಕರೀಬೇಕು, ಅಷ್ಟೇ ತಾನೆ?"

ಅಪ್ಪ ಲೋಟದೊಳಗೆ ನೋಡಿದ. ಅವಳ ಮೈಯೆಲ್ಲ ಉರಿಯಿತು. ತಮ್ಮನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಇವನಿಗೆ ಏನನ್ನುವುದು?

ಬುಷ್ ಕೂರಿಸಿದಳು. ಕ್ಲಿಪ್ಪನ್ನು ಬೇಕೆಂದೇ ಬಾಯಿ ಮೇಲೆ ಮಾಡಿ ಸಿಕ್ಕಿಸಿದಳು. ಬಾನೆಟ್ಟು ಧಡಾರನೆ ಹಾಕಿ ಬರುವಷ್ಟರಲ್ಲಿ ಅಪ್ಪ ಆಚೆ ಬಾಗಿಲ ಹಿಡಿಗೆ ಕೈ ಹಾಕಿದ್ದ.

"ನೀನು ಬರೋದು ಬೇಡ."

ಅವನು ಕೈ ತೆಗೆದ. "ನಡುವೆ ಒಂದು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಗಾಡಿ ಹೊರಡಿಸಿದಳು.

ಬೀದಿಗಿಳಿದ ಮೇಲೆ ಗೇರನ್ನು ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಎಳೆದುಬಿಡಬೇಕು, ಕಚ್ಚಿಕೊಂಡರೆ ಕಚ್ಚಿಕೊಳ್ಳಲಿ, ಮುರಿದರೆ ಮುರಿಯಲಿ ಎಂದುಕೊಂಡಳು. ಕೈ ನಡುವೆ ನಿಂತಿತು. ಒಂದು ಉಸಿರು. ಆಮೇಲೆ ಸಲೀಸಾಗಿ ಎರಡಕ್ಕೆ ಜಾರಿತು. "ಥೂ!" ಎಂದು ಸ್ಟೀರಿಂಗಿಗೆ ಗುದ್ದಿದಳು. ಬೇಕರಿ ಮುಟ್ಟುವವರೆಗೂ ಆ ಕೈ ಪ್ರತಿ ಸಲ ನಡುವೆ ಹಾಗೇ ನಿಂತಿತು, ಪ್ರತಿ ಸಲವೂ ಅವಳಿಗೆ ಹೊಸದಾಗಿ ಸಿಟ್ಟು ಬಂತು.